ಟೋಪಿಗೆ ಸುತ್ತಿದ ದುಃಖ

ಇಂಗ್ಲಿಷ್ ಕಾದಂಬರಿಗಳನ್ನು ಓದುವ ನಮ್ಮವರಿಗೆ ವಿಕ್ಟೋರಿಯಾ ರಾಣಿಯ ಕಾಲದ ಶೋಕವೆಂದರೆ ಮೊದಲು ಕಣ್ಣಿಗೆ ಕಟ್ಟುವುದು ಕರಿಯ ಉಡುಪಿನ ವಿಧವೆಯ ಚಿತ್ರ. ಅದಕ್ಕೆ ರಾಣಿಯೇ ಬಹುಮಟ್ಟಿಗೆ ಕಾರಣಳು. 1861ರ ಡಿಸೆಂಬರ್ 14ರಂದು ಪತಿ ಆಲ್ಬರ್ಟ್ ತೀರಿಕೊಂಡಂದಿನಿಂದ 1901ರ ಜನವರಿಯಲ್ಲಿ ತಾನೇ ಕಣ್ಣು ಮುಚ್ಚುವವರೆಗೆ ಆಕೆ ಕಪ್ಪನ್ನು ಬಿಡಲಿಲ್ಲ. ಆದರೆ ಆ ಕಾಲದ ಗಂಡಸರು ತಮ್ಮ ದುಃಖವನ್ನು ಏನು ತೊಟ್ಟು ತೋರಿಸುತ್ತಿದ್ದರು? ಹೆಂಡತಿಯನ್ನೋ ತಾಯಿಯನ್ನೋ ಕಳೆದುಕೊಂಡ ಗೃಹಸ್ಥನನ್ನು ಬೀದಿಯಲ್ಲಿ ಕಂಡವರು ಹೇಗೆ ಗುರುತಿಸುತ್ತಿದ್ದರು? ಈ ಪ್ರಶ್ನೆಯ ಜಾಡು ಹಿಡಿದು ಹೋದರೆ ನಾವು ತಲುಪುವುದು ಅವನ ತಲೆಯ ಮೇಲಿನ ಟೋಪಿಯನ್ನು. ಈ ಹೊತ್ತು ನಾನು ಹೇಳಹೊರಟಿರುವುದು ಆ ಟೋಪಿಯ ಕಥೆಯನ್ನು.

ದುಃಖ ಟೋಪಿಯನ್ನೇ ಏಕೆ ಏರಬೇಕಾಯಿತು ಎಂಬುದಕ್ಕೆ ಒಂದು ಸರಳವಾದ ಕಾರಣವುಂಟು. ಹತ್ತೊಂಬತ್ತನೆಯ ಶತಮಾನ ಮುಂದುವರಿದಂತೆ ಇಂಗ್ಲೆಂಡಿನ ಗಂಡಸು ಬಣ್ಣಗಳನ್ನು ಒಂದೊಂದಾಗಿ ತೊರೆದನು. ಹಿಂದಿನ ಶತಮಾನದ ನೀಲಿ, ಹಸಿರು, ಕಸೂತಿಯ ನಿಲುವಂಗಿಗಳು ಮರೆಯಾದವು. ವಕೀಲ, ವೈದ್ಯ, ವರ್ತಕ, ಪಾದ್ರಿ ಎಲ್ಲರೂ ಕರಿಯ ಕೋಟಿನವರಾದರು. ಔತಣಕ್ಕೂ ಅದೇ, ಕಚೇರಿಗೂ ಅದೇ. ದಿನವೂ ಕರಿಯದನ್ನೇ ಉಡುವವನು ಸಾವಿನ ದಿನ ಬೇರೆ ಏನನ್ನು ಉಟ್ಟಾನು? ವಿಧವೆಯನ್ನು ಅವಳ ಉಡುಪೇ ಸಾರಿ ಹೇಳುತ್ತಿತ್ತು. ವಿಧುರನ ಉಡುಪು ಮೂಕವಾಗಿತ್ತು. ಆದುದರಿಂದ ಮಾತು ಟೋಪಿಯ ಪಾಲಿಗೆ ಬಂದಿತು.

ಆ ಟೋಪಿಯೂ ಸಾಮಾನ್ಯವಾದುದಲ್ಲ. ಕೊಳವೆಯಂತೆ ನೆಟ್ಟಗೆ ನಿಲ್ಲುವ ಎತ್ತರದ ಹ್ಯಾಟು. ಶತಮಾನದ ನಡುವಿನ ಹೊತ್ತಿಗೆ ಬೀವರ್ ಎಂಬ ಪ್ರಾಣಿಯ ತುಪ್ಪುಳವನ್ನು ಬಿಟ್ಟು ನುಣುಪಾದ ರೇಷ್ಮೆಯಿಂದ ಮಾಡಲ್ಪಡುತ್ತಿದ್ದಂಥದು. ಅದರ ಹೊಳಪೇ ಅದರ ಮರ್ಯಾದೆ. ಬರಿದಲೆಯಲ್ಲಿ ಬೀದಿಗಿಳಿಯುವುದು ಮಾನವಂತನಿಗೆ ಆಗದ ಮಾತು. ಟೋಪಿಯನ್ನು ನೋಡಿಯೇ ಮನುಷ್ಯನನ್ನು ಅಳೆಯುವ ಕಾಲವದು. 1892ರಲ್ಲಿ ಕಾನನ್ ಡಾಯಲ್ ಪ್ರಕಟಿಸಿದ ನೀಲಿ ಹರಳಿನ ಕಥೆಯಲ್ಲಿ ಷರ್ಲಾಕ್ ಹೋಮ್ಸ್ ಒಂದು ಹಳೆಯ ಟೋಪಿಯನ್ನು ಕೈಯಲ್ಲಿ ಹಿಡಿದು, ಅದರ ಒಡೆಯನ ಬುದ್ಧಿವಂತಿಕೆ, ಇಳಿದುಹೋದ ಐಶ್ವರ್ಯ, ಅವನ ಮೇಲೆ ಹೆಂಡತಿಗೆ ಪ್ರೀತಿ ಉಳಿದಿಲ್ಲವೆಂಬುದು, ಎಲ್ಲವನ್ನೂ ಓದಿಬಿಡುತ್ತಾನೆ. ಅಂದಿನ ಓದುಗರಿಗೆ ಇದು ಚಮತ್ಕಾರವಾಗಿ ಕಂಡಿತೇ ಹೊರತು ಅಸಂಭವವಾಗಿ ಕಾಣಲಿಲ್ಲ.

ಸಾವು ಸಂಭವಿಸಿದಾಗ ಈ ಹೊಳೆಯುವ ಟೋಪಿಗೆ ಹೊಳಪಿಲ್ಲದ ಕರಿಯ ಪಟ್ಟಿಯನ್ನು ಸುತ್ತುತ್ತಿದ್ದರು. ಅದರ ಬಟ್ಟೆ ಕ್ರೇಪ್. ತೆಳುವಾದ ರೇಷ್ಮೆಯನ್ನು ಕಾದ ಉರುಳೆಗಳ ನಡುವೆ ಹಾಯಿಸಿ, ಸುಕ್ಕುಸುಕ್ಕಾಗಿಸಿ ತಯಾರಿಸುತ್ತಿದ್ದ ಬಟ್ಟೆಯದು. ಬೆಳಕನ್ನು ತಿರುಗಿಸಿ ಚೆಲ್ಲಬಾರದು, ನುಂಗಿಬಿಡಬೇಕು ಎಂಬುದೇ ಅದರ ಧರ್ಮ. ಪಟ್ಟಿಯ ಅಗಲಕ್ಕೂ ಅರ್ಥವಿತ್ತು. ಹೆಂಡತಿಯನ್ನು ಕಳೆದುಕೊಂಡವನ ಪಟ್ಟಿ ಎಲ್ಲಕ್ಕಿಂತ ಅಗಲ, ಟೋಪಿಯ ಎತ್ತರವನ್ನು ಬಹುಪಾಲು ಮುಚ್ಚುವಷ್ಟು. ತಂದೆತಾಯಿಗಳಿಗೆ, ಮಕ್ಕಳಿಗೆ ಅದಕ್ಕಿಂತ ತುಸು ಕಿರಿದು. ಚಿಕ್ಕಪ್ಪ, ಸೋದರಮಾವ ಮೊದಲಾದವರಿಗೆ ಇನ್ನೂ ಕಿರಿದು. ನಮ್ಮಲ್ಲಿ ಸಂಬಂಧ ದೂರವಾದಂತೆ ಸೂತಕದ ದಿನಗಳು ಕಡಿಮೆಯಾಗುವಂತೆ, ಅವರಲ್ಲಿ ಪಟ್ಟಿಯ ಅಗಲ ಕಡಿಮೆಯಾಗುತ್ತಿತ್ತು. ಕನ್ನಡದ ಮೇಷ್ಟರಾದ ನನಗೆ ಇದು ಒಂದು ಬಗೆಯ ವಿಭಕ್ತಿ ಪ್ರತ್ಯಯದಂತೆಯೇ ತೋರುತ್ತದೆ. ಕರಿಯ ಕೋಟೆಂಬ ಪ್ರಕೃತಿ ಎಲ್ಲರಿಗೂ ಒಂದೇ. ಸತ್ತವರಿಗೂ ಇವನಿಗೂ ಇದ್ದ ಸಂಬಂಧವನ್ನು ಹೇಳುವುದು ಮಾತ್ರ ಆ ಪಟ್ಟಿ.

ಇದರ ಜೊತೆಗೆ ಕರಿಯ ಕೈಗವಸು, ಕರಿಯ ಕೊರಳಪಟ್ಟಿ, ಕರಿಯಂಚಿನ ಪತ್ರದ ಕಾಗದಗಳೂ ಇದ್ದವು. ಮಕ್ಕಳೋ ಮದುವೆಯಾಗದ ತರುಣಿಯರೋ ತೀರಿಕೊಂಡಾಗ ಶವಸಂಸ್ಕಾರಕ್ಕೆ ಬಂದವರ ಟೋಪಿಯ ಪಟ್ಟಿ, ಕೈಗವಸುಗಳು ಬಿಳಿಯವಾಗಿರುವುದೂ ಉಂಟು. ಆದರೆ ಒಟ್ಟಿನಲ್ಲಿ ಗಂಡಸಿನ ಶೋಕ ಹಗುರವಾದುದೇ ಸರಿ. ವಿಧವೆ ಎರಡು ವರ್ಷಕ್ಕೂ ಮೇಲ್ಪಟ್ಟು ಕರಿಯ ಉಡುಪಿನಲ್ಲಿದ್ದು, ಮೊದಲ ವರ್ಷವಂತೂ ಔತಣ ವಿನೋದಗಳಿಂದ ದೂರವಿರಬೇಕಿತ್ತು. ವಿಧುರನಾದರೋ ಕೆಲವೇ ದಿನಗಳಲ್ಲಿ ತನ್ನ ವ್ಯವಹಾರಕ್ಕೆ ಮರಳಬಹುದಿತ್ತು. ಸಂಜೆ ಮನೆಗೆ ಬಂದು ಟೋಪಿಯನ್ನು ಗೂಟಕ್ಕೆ ಹಾಕಿದರೆ ಅವನ ಶೋಕಚಿಹ್ನೆಯೂ ಅಲ್ಲಿಯೇ ತೂಗಾಡುತ್ತಿತ್ತು. ಹೆಂಗಸಿನ ದುಃಖ ಅವಳ ಮೈಮೇಲೆಯೇ ಇರುತ್ತಿತ್ತು. ಈ ತಾರತಮ್ಯವನ್ನು ಮರೆಯುವಂತಿಲ್ಲ.

ಶವಯಾತ್ರೆಯ ದಿನದ ಪಟ್ಟಿಯ ವೈಭವವೇ ಬೇರೆ. ಅಂದು ಅದು ಟೋಪಿಯನ್ನು ಸುತ್ತಿ, ಹಿಂದೆ ಬೆನ್ನಿನ ಮೇಲೆ ಉದ್ದಕ್ಕೆ ಇಳಿಬಿದ್ದಿರುತ್ತಿತ್ತು. ಇದಕ್ಕೆ ವೀಪರ್, ಎಂದರೆ ಅಳುವಂಥದು, ಎಂದು ಹೆಸರು. ಮನುಷ್ಯ ಅಳದಿದ್ದರೂ ಬಟ್ಟೆ ಅಳುತ್ತಿತ್ತು! ಬಂದ ಅತಿಥಿಗಳಿಗೆ ಕೈಗವಸು, ಪಟ್ಟಿಗಳನ್ನು ಸತ್ತವರ ಮನೆಯವರೇ ಒದಗಿಸಬೇಕು. ಹತ್ತಿರದವರಿಗೆ ಕ್ರೇಪ್, ಉಳಿದವರಿಗೆ ರೇಷ್ಮೆ. ಬಾಗಿಲ ಬಳಿ ಕರಿಯ ಬಟ್ಟೆ ಸುತ್ತಿದ ಕೋಲು ಹಿಡಿದು, ಮುಖ ಗಂಟಿಕ್ಕಿಕೊಂಡು ಮೌನವಾಗಿ ನಿಲ್ಲಲು ಬಾಡಿಗೆಯ ಆಳುಗಳಿರುತ್ತಿದ್ದರು. ಅವರನ್ನು ಮ್ಯೂಟ್, ಎಂದರೆ ಮೂಕರು, ಎಂದು ಕರೆಯುತ್ತಿದ್ದರು. ಡಿಕನ್ಸನ ಆಲಿವರ್ ಟ್ವಿಸ್ಟ್ ಅಂತ್ಯಕ್ರಿಯೆಯ ಗುತ್ತಿಗೆದಾರನ ಬಳಿ ಕೆಲಸಕ್ಕೆ ಸೇರಿದಾಗ ಅವನಿಗೆ ಸಿಕ್ಕ ಉದ್ಯೋಗ ಇದೇ. ಹುಡುಗನ ಮುಖದಲ್ಲಿ ಸಹಜವಾಗಿಯೇ ವಿಷಾದವಿದೆ, ಮಕ್ಕಳ ಶವಯಾತ್ರೆಗೆ ಬಹಳ ಚೆನ್ನಾಗಿ ಒಪ್ಪುತ್ತಾನೆ ಎಂದು ಒಡೆಯನ ಎಣಿಕೆ. ಮೊಳಕಾಲಿನವರೆಗೆ ಇಳಿಬಿದ್ದ ಪಟ್ಟಿಯ ಟೋಪಿಯನ್ನು ಹೊತ್ತು ಆ ಅನಾಥ ಬಾಲಕ ಮೆರವಣಿಗೆಗಳ ಮುಂದೆ ನಡೆಯುತ್ತಾನೆ. ಅವನ ನಿಜವಾದ ದುಃಖ ಇನ್ನೊಬ್ಬರ ದುಃಖದ ಅಲಂಕಾರವಾಗುತ್ತದೆ.

ದುಃಖಕ್ಕೆ ಇಷ್ಟೊಂದು ಸಾಮಗ್ರಿ ಬೇಕಾದ ಮೇಲೆ ಅದಕ್ಕೊಂದು ಪೇಟೆಯೂ ಬೇಕಲ್ಲವೆ? 1841ರಲ್ಲಿ ಲಂಡನ್ನಿನ ರೀಜೆಂಟ್ ಬೀದಿಯಲ್ಲಿ ಜೇ ಎಂಬುವನು ಶೋಕದ ಉಡುಪುಗಳಿಗೆಂದೇ ದೊಡ್ಡ ಮಳಿಗೆಯನ್ನು ತೆರೆದನು. ಎಸೆಕ್ಸ್ ಪ್ರಾಂತದ ಕೋರ್ಟಾಲ್ಡ್ ಮನೆತನದ ಗಿರಣಿಗಳು ಕ್ರೇಪಿನಿಂದಲೇ ಸಿರಿವಂತವಾದವು. ಅಲ್ಲಿ ದುಡಿಯುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ಧನಿಕರ ರೂಢಿಯನ್ನು ಬಡವರು ಅನುಸರಿಸಿದರು. ಬದುಕಿರುವಾಗ ಹೊಟ್ಟೆ ಕಟ್ಟಿ ಶವಸಂಸ್ಕಾರದ ಸಂಘಗಳಿಗೆ ಕಾಸು ತುಂಬಿದರು. 1843ರಲ್ಲಿ ಎಡ್ವಿನ್ ಚಾಡ್ವಿಕ್ ಸರ್ಕಾರಕ್ಕೆ ಒಪ್ಪಿಸಿದ ವರದಿಯಲ್ಲಿ ಈ ವೆಚ್ಚ ಬಡ ಸಂಸಾರಗಳನ್ನು ಹಿಂಡುತ್ತಿದ್ದ ಬಗೆ ವಿವರವಾಗಿ ಬಂದಿದೆ. ನಾಲ್ಕು ಜನ ಏನೆಂದಾರು ಎಂಬ ಅಂಜಿಕೆಗೆ ದೇಶಕಾಲಗಳ ಭೇದವಿಲ್ಲ.

ಈ ಅಂಜಿಕೆಯ ಚಿತ್ರ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಕಾದಂಬರಿಯಲ್ಲಿ ಬಂದಿರುವಷ್ಟು ಮನಮುಟ್ಟುವಂತೆ ಬೇರೆಲ್ಲಿಯೂ ಬಂದುದನ್ನು ನಾನು ಕಾಣೆ. ಕಮ್ಮಾರ ಜೋನ ಹೆಂಡತಿ ತೀರಿಕೊಂಡಿದ್ದಾಳೆ. ಸಂಸ್ಕಾರದ ಗುತ್ತಿಗೆ ಊರಿನ ದರ್ಜಿ ಟ್ರ್ಯಾಬ್‌ನದು. ಜೋನ ಗದ್ದದ ಕೆಳಗೆ ದೊಡ್ಡ ಗಂಟು ಹಾಕಿದ ಕರಿಯ ಹೊದಿಕೆ. ಊರ ಹಿರಿಯ ಪಂಬಲ್‌ಚೂಕನ ಟೋಪಿಗೆ ಗಜಗಟ್ಟಲೆ ಪಟ್ಟಿ. ಟ್ರ್ಯಾಬ್ ಅಪ್ಪಣೆ ಕೊಟ್ಟೊಡನೆ ಎಲ್ಲರೂ ಒಟ್ಟಿಗೆ ಕರವಸ್ತ್ರ ತೆಗೆದು ಮುಖಕ್ಕೆ ಒತ್ತಿಕೊಂಡು ಇಬ್ಬಿಬ್ಬರಾಗಿ ಹೊರಡುತ್ತಾರೆ. ಇದರ ನಡುವೆ ಜೋ ಪಿಪ್‌ನ ಕಿವಿಯಲ್ಲಿ ಮೆಲ್ಲಗೆ ಹೇಳುತ್ತಾನೆ: ಮನಸಾರೆ ಬರುವ ಮೂರು ನಾಲ್ಕು ಮಂದಿ ಗೆಳೆಯರೊಡನೆ ತಾನೇ ಅವಳನ್ನು ಇಗರ್ಜಿಗೆ ಹೊತ್ತುಕೊಂಡು ಹೋಗಬೇಕೆಂದಿದ್ದನಂತೆ, ಆದರೆ ನೆರೆಹೊರೆಯವರು ಅದನ್ನು ಕೀಳಾಗಿ ಕಂಡಾರು ಎಂದು ಕೈಬಿಡಬೇಕಾಯಿತಂತೆ. ಹೆಂಡತಿಯನ್ನು ಹೊರುವ ಹಕ್ಕು ಕೂಡ ಗಂಡನಿಗೆ ಉಳಿಯಲಿಲ್ಲ.

ಡಿಕನ್ಸ್ ಇದನ್ನು ಕಥೆಗೆ ಮಾತ್ರ ಬಿಡಲಿಲ್ಲ. 1869ರ ಮೇ ತಿಂಗಳಲ್ಲಿ ಬರೆದ ಉಯಿಲಿನಲ್ಲಿ, ತನ್ನ ಸಂಸ್ಕಾರ ಆಡಂಬರವಿಲ್ಲದೆ ನಡೆಯಬೇಕು, ಬಂದವರು ಉದ್ದನೆಯ ಟೋಪಿಪಟ್ಟಿ, ಮೇಲುಹೊದಿಕೆ, ಕರಿಯ ಗಂಟು ಮೊದಲಾದ ಅಸಹ್ಯಗಳನ್ನು ಧರಿಸಕೂಡದು ಎಂದು ವಿಧಿಸಿದನು. 1870ರ ಜೂನ್ 9ರಂದು ಅವನು ತೀರಿಕೊಂಡನು. 14ರ ಬೆಳಗ್ಗೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ, ಮುಂಗಡವಾಗಿ ಸಾರದೆ, ಬೆರಳೆಣಿಕೆಯ ಜನರೆದುರು ಅವನನ್ನು ಸಮಾಧಿ ಮಾಡಲಾಯಿತು. ಆಮೇಲೆ ಸಮಾಧಿಯ ಬಳಿಗೆ ಸಾವಿರಾರು ಜನ ತಾವಾಗಿಯೇ ಸಾಲುಗಟ್ಟಿ ಬಂದರು. ಅವರಿಗೆ ಯಾರೂ ಕೈಗವಸು ಹಂಚಿರಲಿಲ್ಲ.

ಕಾಲ ಸರಿದಂತೆ ಪಟ್ಟಿ ಕಿರಿದಾಯಿತು. 1870ರ ದಶಕದಲ್ಲಿ ಶೋಕಾಚರಣೆಯ ಸುಧಾರಣೆಗೆ ಸಂಘಗಳು ಹುಟ್ಟಿದವು. ನಲವತ್ತು ವರ್ಷ ಕಪ್ಪನ್ನುಟ್ಟ ರಾಣಿಯೇ ತನ್ನ ಅಂತ್ಯಕ್ರಿಯೆ ಬಿಳುಪಿನಲ್ಲಿ ನಡೆಯಲೆಂದು ಬಯಸಿದಳು; ಅವಳ ಮುಖದ ಮೇಲೆ ಮದುವೆಯ ಮುಸುಕನ್ನು ಹೊದಿಸಿದರು. 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ ಮನೆಮನೆಗೂ ಸಾವು ಬಂದಾಗ ಹಳೆಯ ನಿಯಮಗಳು ಆ ಭಾರವನ್ನು ತಾಳಲಾರದೆ ಹೋದವು. ಸೈನ್ಯದ ಅಧಿಕಾರಿಗಳು ಹಿಂದಿನಿಂದ ಎಡತೋಳಿಗೆ ಕಟ್ಟುತ್ತಿದ್ದ ಕರಿಯ ಪಟ್ಟಿ ಜನಸಾಮಾನ್ಯರಲ್ಲಿಯೂ ಬಳಕೆಗೆ ಬಂದಿತು. ಕ್ರಿಕೆಟ್ ಆಟಗಾರರ ತೋಳಿನ ಮೇಲೆ ನಾವು ಆಗಾಗ ಇಂದಿಗೂ ಕಾಣುವುದು ಅದನ್ನೇ.

ಹಾಗಾದರೆ ಆ ಟೋಪಿಯ ಪಟ್ಟಿ ಬರಿಯ ಬೂಟಾಟಿಕೆಯೇ? ನನಗೆ ಹಾಗೆನಿಸುವುದಿಲ್ಲ. ಅದನ್ನು ಕಂಡ ಅಪರಿಚಿತನು ದನಿ ತಗ್ಗಿಸುತ್ತಿದ್ದನು. ಅಂಗಡಿಯವನು ಪರಿಹಾಸ್ಯವನ್ನು ನುಂಗಿಕೊಳ್ಳುತ್ತಿದ್ದನು. 'ಮನೆಯಲ್ಲಿ ಎಲ್ಲರೂ ಸೌಖ್ಯವೇ' ಎಂಬ ಪ್ರಶ್ನೆಗೆ ಉತ್ತರಿಸುವ ಸಂಕಟ ತಪ್ಪುತ್ತಿತ್ತು. ಬಾಯಿಂದ ಹೇಳಲಾಗದ ಸುದ್ದಿಯನ್ನು ಹೇಳಲು ಮನುಷ್ಯನಿಗೆ ಒಂದು ಗುರುತು ಬೇಕು. ಡಿಕನ್ಸ್ ಕೋಪಿಸಿಕೊಂಡದ್ದು ಆ ಗುರುತಿನ ಮೇಲಲ್ಲ. ಅದನ್ನು ಗಜದ ಲೆಕ್ಕದಲ್ಲಿ ಮಾರಿದವರ ಮೇಲೆ, ಕೊಳ್ಳದವರನ್ನು ಹೀನೈಸಿದವರ ಮೇಲೆ. ಶವಸಂಸ್ಕಾರ ಮುಗಿದ ಸಂಜೆ ಜೋ ಆ ಹಬ್ಬದ ಬಟ್ಟೆಯನ್ನು ಅಷ್ಟಿಷ್ಟು ಕಳಚಿ, ತನ್ನ ಕೆಲಸದ ಉಡುಪಿಗೆ ಹತ್ತಿರವಾದುದನ್ನು ತೊಟ್ಟು, ಚಿಲುಮೆ ಹಿಡಿದು ಕುಲುಮೆಯ ಹೊರಗಿನ ಕಲ್ಲಿನ ಮೇಲೆ ಪಿಪ್‌ನೊಡನೆ ಕುಳಿತುಕೊಳ್ಳುತ್ತಾನೆ. ಅವನು ಹೆಂಡತಿಯನ್ನು ಕಳೆದುಕೊಂಡವನೆಂದು ನಮಗೆ ನಿಜವಾಗಿ ತೋರುವುದು ಆಗಲೇ.