ಮಲಗಿದ ಕಣ್ಣು

ಸರ್ಕಾರಿ ಶಾಲೆಯ ಜಗಲಿ. ಟೇಪು ಹಿಡಿದು 6 ಮೀಟರ್ ಅಳೆದು ಗೋಡೆಗೆ ಚಾರ್ಟ್ ತೂಗುಹಾಕಿದ್ದಾರೆ. ಅದರ ತುಂಬ ಇಂಗ್ಲಿಷಿನ ‘ಇ’ ಅಕ್ಷರವೊಂದೇ ನಾಲ್ಕೂ ದಿಕ್ಕಿಗೆ ತಿರುಗಿಕೊಂಡು, ಸಾಲಿನಿಂದ ಸಾಲಿಗೆ ಕಿರಿದಾಗುತ್ತ ಇಳಿದಿದೆ. ಓದು ಬಾರದ ಮಗುವೂ ಅಕ್ಷರದ ಕಾಲು ಯಾವ ಕಡೆಗಿದೆ ಎಂದು ಕೈ ತೋರಿಸಿದರೆ ಸಾಕು.

ತಪಾಸಣೆಗೆ ನಿಂತವಳು ಆಪ್ಟೊಮೆಟ್ರಿ ವಿದ್ಯಾರ್ಥಿನಿ. ಮೂರು ವರ್ಷದ ಪಾಠ ಮುಗಿದು, ನಾಲ್ಕನೆಯ ವರ್ಷದ ಇಂಟರ್ನ್‌ಶಿಪ್ ನಡೆದಿದೆ. ಆರು ವರ್ಷದ ಹುಡುಗಿಯೊಬ್ಬಳು ಬೆರಳಿಂದ ಬಲಗಣ್ಣು ಮುಚ್ಚಿ ಪಟಪಟನೆ ಕೈ ತೋರಿಸಿದಳು. ಎಡಗಣ್ಣು ಮುಚ್ಚಿದಾಗಲೂ ಅಷ್ಟೇ ಚುರುಕು.

“ಬೆರಳ ಸಂದಿಯಿಂದ ಇಣುಕ್ತಿದಾಳೆ, ಅಂಗೈ ಇಡಿಸು,” ಎಂದರು ವಿದ್ಯಾರ್ಥಿನಿಯ ಹಿಂದೆ ನಿಂತ ಅವಳ ಮೇಡಂ.

ಎಡಗಣ್ಣಿಗೆ ಅಂಗೈ ಇಟ್ಟಿದ್ದೇ, ಎರಡನೆಯ ಸಾಲಿಗೆ ಕೈ ನಿಂತುಹೋಯಿತು. 6/36.

ಕಿಟಕಿಗೆ ಜಮಖಾನ ಇಳಿಬಿಟ್ಟ ಕೋಣೆಯೊಳಗೆ ಮುಂದಿನ ಪರೀಕ್ಷೆ. ಇಲ್ಲಿ ಮಗು ಬಾಯಿ ಬಿಡಬೇಕಾಗಿಲ್ಲ. ರೆಟಿನೋಸ್ಕೋಪಿನ ಗೀಟಿನಂಥ ಬೆಳಕು ಪಾಪೆಯ ಮೇಲೆ ಆಡಿದಾಗ ಒಳಗಿನಿಂದ ಕೆಂಡದ ಬಣ್ಣದ ಹೊಳಪು ಮರಳುತ್ತದೆ. ಅದು ಬೆಳಕಿನ ಜೊತೆಗೇ ಸರಿದರೆ ಪ್ಲಸ್ ಲೆನ್ಸು, ಎದುರಾಗಿ ಸರಿದರೆ ಮೈನಸ್. ಬಲಗಣ್ಣಿನ ಮಂಕು ಹೊಳಪು ಜೊತೆಗೇ ಸರಿಯುತ್ತಿತ್ತು. ವಿದ್ಯಾರ್ಥಿನಿ ಒಂದೊಂದೇ ಲೆನ್ಸು ಬದಲಿಸುತ್ತ ಹೋದಳು. 5.5ಕ್ಕೆ ಪಾಪೆಯ ತುಂಬ ಒಮ್ಮೆಗೇ ಬೆಳಕು ಹೊತ್ತಿ, ಚಲನೆ ನಿಂತಿತು. ತನಗೂ ಮಗುವಿಗೂ ನಡುವಿನ ಕೈಯಳತೆ ದೂರಕ್ಕೆಂದು 1.5 ಕಳೆದು ‘ಪ್ಲಸ್ 4’ ಎಂದು ಬರೆದುಕೊಂಡಳು. ಆ ಲೆನ್ಸು ಹಾಕಿದರೂ ಮಗು ಚಾರ್ಟಿನಲ್ಲಿ ಇಳಿದದ್ದು ಇನ್ನೊಂದೇ ಸಾಲು.

ಇನ್ನು ಮುಂದಿನದು ನೇತ್ರವೈದ್ಯರ ಕೆಲಸ. ಕಣ್ಣಿಗೆ ಹನಿ ಹಾಕಿ ಮತ್ತೆ ಪರೀಕ್ಷಿಸಬೇಕು. ತನ್ನ ಕೈ ಎಲ್ಲಿ ನಿಲ್ಲಬೇಕು ಎಂಬುದೂ ಈ ಓದಿನ ಪಾಠವೇ.

ಮಗುವಿನ ಜೊತೆ ಬಂದಿದ್ದ ಅಜ್ಜಿಗೆ ಹೇಳಿದಳು: “ಅಂಬ್ಲಿಯೋಪಿಯ ಇರ್ಬಹುದು ಅಜ್ಜಿ, ಪ್ಯಾಚಿಂಗ್ ಬೇಕಾಗುತ್ತೆ.”

“ಕಣ್ಣು ಹೋಯ್ತೇನವ್ವಾ?” ಅಜ್ಜಿಯ ತುಟಿ ನಡುಗಿತು.

“ಅದನ್ನ ನನಗೆ ಹೇಳು. ಅಜ್ಜಿಗೆ ಅಜ್ಜಿ ಮಾತಲ್ಲಿ ಹೇಳು,” ಎಂದರು ಮೇಡಂ.

ವಿದ್ಯಾರ್ಥಿನಿ ಅಜ್ಜಿಯ ಎದುರು ಕುಕ್ಕರಗಾಲಲ್ಲಿ ಕೂತಳು. “ಕಣ್ಣು ಹೋಗಿಲ್ಲ ಅಜ್ಜಿ, ಮಲಗೈತೆ. ಎಡಗಣ್ಣೇ ಎಲ್ಲಾ ಕೆಲಸ ಮಾಡೋದ್ರಿಂದ ಇದು ಸುಮ್ಕಾಗೈತೆ. ಡಾಕ್ಟ್ರು ನೋಡಿ ಕನ್ನಡಕ ಕೊಡ್ತಾರೆ. ಬೇಕಾದ್ರೆ ದಿನಾ ಒಂದಷ್ಟು ಹೊತ್ತು ಒಳ್ಳೆ ಕಣ್ಣು ಮುಚ್ಚಿಸಿ, ಇದನ್ನ ದುಡಿಸ್ತಾರೆ. ಚಿಕ್ಕ ವಯಸ್ಸಲ್ಲೇ ಎಬ್ಬಿಸ್ಬೇಕು. ತಡ ಮಾಡಿದ್ರೆ ಏಳೋದು ಕಷ್ಟ.”

ಅಜ್ಜಿ ಆಸ್ಪತ್ರೆಯ ಚೀಟಿಯನ್ನು ಬಸ್ಸಿನ ದುಡ್ಡಿನ ಜೊತೆ ಸೆರಗಿನ ಗಂಟಿಗೆ ಸೇರಿಸಿದಳು.

“ನಾಳೇನೇ ಕರ್ಕಂಡ್ ಹೋಗ್ಲೇನವ್ವಾ?”