ನೀರಿನಡಿ ಮನುಷ್ಯ, ನೀರ ಮೇಲೆ ಬಾವುಟ

ಸಮುದ್ರದ ಅಡಿಯಲ್ಲಿರುವ ಮುಳುಗುಗಾರ ಮೇಲಿನವರ ಕಣ್ಣಿಗೆ ಬೀಳುವುದಿಲ್ಲ. ಅವನು ಮೇಲೇಳುವ ಹೊತ್ತಿಗೇ ಯಂತ್ರದ ದೋಣಿಯೊಂದು ಅತ್ತ ನುಗ್ಗಿದರೆ ಅದರ ಪ್ರೊಪೆಲ್ಲರ್ ಪ್ರಾಣಕ್ಕೇ ಸಂಚಕಾರ ತರಬಹುದು. ಕೂಗಿ ಹೇಳೋಣವೆಂದರೆ ಇಂಜಿನ್ನಿನ ಸದ್ದು. ಮೇಲಾಗಿ ಭಾಷೆಯೂ ಬೇರೆ. ಆ ಎಚ್ಚರಿಕೆ ಕೊಡುವುದು ಒಂದು ಬಾವುಟ.

ಹಡಗುಗಳ ಅಂತರರಾಷ್ಟ್ರೀಯ ಸಂಕೇತ ಸಂಹಿತೆಯಲ್ಲಿ ಇಂಗ್ಲಿಷಿನ ಒಂದೊಂದು ಅಕ್ಷರಕ್ಕೂ ಒಂದೊಂದು ಬಾವುಟವಿದೆ. 'ಎ' ಬಾವುಟ ಕಂಬದ ಕಡೆ ಬಿಳಿ, ಹೊರಗಡೆ ನೀಲಿ. ತುದಿ ಹಕ್ಕಿಯ ಬಾಲದಂತೆ ಸೀಳಿರುತ್ತದೆ. 'ನಮ್ಮ ಮುಳುಗುಗಾರ ನೀರಿನಲ್ಲಿದ್ದಾನೆ, ದೂರದಿಂದ ನಿಧಾನವಾಗಿ ಸಾಗಿ' ಎಂದು ಅದರ ಅರ್ಥ. ತಮಾಷೆಯೆಂದರೆ, ಹಳೆಯ ಸಂಹಿತೆಯಲ್ಲಿ ಇದೇ ಬಾವುಟ 'ನಮ್ಮ ಹಡಗಿನ ವೇಗಪರೀಕ್ಷೆ ನಡೆದಿದೆ' ಎನ್ನುತ್ತಿತ್ತು! ಈಗಿನ ಅರ್ಥ 1969ರಲ್ಲಿ ಜಾರಿಗೆ ಬಂದ ಪರಿಷ್ಕೃತ ಸಂಹಿತೆಯದು.

ರೇಡಿಯೊದಲ್ಲಿ 'ಎ', 'ಜೆ', 'ಕೆ' ಹೆಚ್ಚುಕಡಿಮೆ ಒಂದೇ ಥರ ಕೇಳುತ್ತವೆ. ಅದಕ್ಕೇ 1956ರಿಂದ ಬಳಕೆಯಲ್ಲಿರುವ ಪದಮಾಲೆಯಲ್ಲಿ 'ಎ' ಎಂದರೆ 'ಆಲ್ಫಾ'. ಬೇರೆ ಭಾಷೆಯವರು ಉಚ್ಚಾರ ತಪ್ಪಬಾರದೆಂದು ಇದರ ಕಾಗುಣಿತದಲ್ಲಿ 'ಪಿಎಚ್' ಬಿಟ್ಟು 'ಎಫ್' ಬರೆಯುತ್ತಾರೆ.

ಕೆಂಪಿನ ಮೇಲೆ ಓರೆಯಾದ ಬಿಳಿ ಪಟ್ಟಿಯ ಇನ್ನೊಂದು ಬಾವುಟವೂ ಉಂಟು. 1950ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ ಅದು, ಜನ ಮುಳುಗಿರುವ ಜಾಗವನ್ನು ತೋರಿಸುತ್ತದೆ. ಆಲ್ಫಾ ಹೇಳುವುದು ದೋಣಿಯ ಪಾಡನ್ನು: ಜನ ಕೆಳಗಿರುವಾಗ ಅದು ಬೇಕೆಂದಂತೆ ಸರಿದು ದಾರಿ ಬಿಡಲಾರದು.

ಗಾಳಿಯಿಲ್ಲದ ದಿನ ಬಟ್ಟೆ ಕಂಬಕ್ಕೆ ಜೋತುಬಿದ್ದರೆ? ಸಮುದ್ರ ಸಂಚಾರದ 1972ರ ನಿಯಮಗಳು ಇದಕ್ಕೂ ದಾರಿ ಹೇಳಿವೆ. ಮುಳುಗುಗಾರರನ್ನು ಇಳಿಸುವ ಸಣ್ಣ ದೋಣಿಗಳು ಒಂದು ಮೀಟರಿಗೆ ಕಡಿಮೆಯಿಲ್ಲದ ಎತ್ತರದ, ಮಡಚಿಕೊಳ್ಳದ ಗಟ್ಟಿ ಆಲ್ಫಾವನ್ನು ಎಲ್ಲ ದಿಕ್ಕಿಗೂ ಕಾಣುವಂತೆ ನಿಲ್ಲಿಸಬೇಕು.