ನೆನಪಿಗೂ ಒಂದು ವೇಳೆ

ನೆನಪೆಂಬುದು ಜೀವಿಗಳ ಸೊತ್ತೆಂದು ನಾವು ಬಗೆಯುತ್ತೇವೆ. ಆದರೆ ಗಣಕಯಂತ್ರವೂ ನೆನಪಿಲ್ಲದೆ ಲೆಕ್ಕ ಮಾಡಲಾರದು. ಕೂಡಿದ ಮೊತ್ತವನ್ನೇ ಮರೆತರೆ ಮುಂದಿನ ಸಂಖ್ಯೆಯನ್ನು ಯಾವುದಕ್ಕೆ ಸೇರಿಸುವುದು? ಜಡವಾದ ವಿದ್ಯುನ್ಮಂಡಲಕ್ಕೆ ನೆನಪು ಬಂದ ಬಗೆ ಹೇಗೆ?

೧೯೧೮ರಲ್ಲಿ ಇಂಗ್ಲೆಂಡಿನ ವಿಲಿಯಂ ಎಕಲ್ಸ್ ಮತ್ತು ಎಫ್. ಡಬ್ಲ್ಯು. ಜೋರ್ಡನ್ ಎಂಬವರು ಎರಡು ನಿರ್ವಾತ ನಳಿಕೆಗಳನ್ನು ಒಂದನ್ನೊಂದು ತಡೆಯುವಂತೆ ಜೋಡಿಸಿದರು. ಒಂದರಲ್ಲಿ ವಿದ್ಯುತ್ತು ಹರಿಯುವಾಗ ಮತ್ತೊಂದು ಸುಮ್ಮನಿರುತ್ತದೆ. ಹೊರಗಿನಿಂದ ಪ್ರಚೋದನೆ ದೊರೆಯುವವರೆಗೆ ಆ ಸ್ಥಿತಿ ಬದಲಾಗದು. ಒಂದು ಸ್ಥಿತಿಯನ್ನು ‘೦’ ಎಂದೂ ಇನ್ನೊಂದನ್ನು ‘೧’ ಎಂದೂ ಕರೆದರೆ, ಮಂಡಲವು ಒಂದು ಅಂಕಿಯನ್ನು ನೆನಪಿಟ್ಟುಕೊಂಡಂತಾಯಿತು. ಇದೇ ಫ್ಲಿಪ್-ಫ್ಲಾಪ್. ಇಂದು ನಳಿಕೆಗಳ ಸ್ಥಾನದಲ್ಲಿ ಟ್ರಾನ್ಸಿಸ್ಟರುಗಳಿವೆ. ತತ್ತ್ವ ಮಾತ್ರ ಅದೇ.

ಆದರೆ ನೆನಪಿಡುವುದಷ್ಟೇ ಸಾಲದು. ಯಾವಾಗ ನೆನಪಿಡಬೇಕೆಂಬುದೂ ಮುಖ್ಯ. ನಾಲ್ಕು ತಂತಿಗಳ ಮೇಲೆ ಏಳು ಎಂಬ ಸಂಖ್ಯೆ ‘೦೧೧೧’ ಎಂದು ಇದೆಯೆನ್ನಿ. ಅದು ಎಂಟಾಗಬೇಕಾದರೆ ‘೧೦೦೦’ ಎಂದಾಗಬೇಕು. ನಾಲ್ಕು ಅಂಕಿಗಳೂ ಬದಲಾಗಬೇಕು. ಆದರೆ ಸಂಕೇತಗಳೆಲ್ಲವೂ ಒಂದೇ ಕ್ಷಣದಲ್ಲಿ ಬಂದು ಸೇರುವುದಿಲ್ಲ. ಮೊದಲ ಅಂಕಿ ಮುಂಚಿತವಾಗಿ ಬದಲಾದರೆ, ಅರೆಗಳಿಗೆ ‘೧೧೧೧’, ಅಂದರೆ ಹದಿನೈದು, ಎಂದು ತೋರುತ್ತದೆ. ಆಗ ಓದಿದ ಯಂತ್ರವು ಏಳೂ ಅಲ್ಲದ, ಎಂಟೂ ಅಲ್ಲದ ಸಂಖ್ಯೆಯನ್ನು ನಿಜವೆಂದು ನಂಬುತ್ತದೆ.

ಈ ದೋಷವನ್ನು ತಪ್ಪಿಸಲು ಸ್ಫಟಿಕವೊಂದರ ಕಂಪನದಿಂದ ಸಮಾನ ಅಂತರದ ಸ್ಪಂದಗಳನ್ನು ಪಡೆಯುತ್ತಾರೆ. ಇವೇ ಮಂಡಲದ ಗಡಿಯಾರ. ಸ್ಪಂದವು ಏರುವ ಕ್ಷಣದಲ್ಲಿ ಮಾತ್ರ ಫ್ಲಿಪ್-ಫ್ಲಾಪ್ ತನ್ನ ಮುಂದಿರುವ ಅಂಕಿಯನ್ನು ಸ್ವೀಕರಿಸುತ್ತದೆ. ಉಳಿದ ಕಾಲದ ಏರುಪೇರುಗಳನ್ನು ಲೆಕ್ಕಿಸುವುದಿಲ್ಲ. ಶಾಲೆಯಲ್ಲಿ ಭಾವಚಿತ್ರ ತೆಗೆಯುವಾಗ “ಅಲುಗಾಡಬೇಡಿ” ಎನ್ನುವುದನ್ನು ನೀವು ಕೇಳಿದ್ದೀರಿ. ಅಂತೆಯೇ, ಸ್ಪಂದ ಏರುವುದಕ್ಕೆ ತುಸು ಮೊದಲೂ ತುಸು ಅನಂತರವೂ ಸಂಕೇತವು ನಿಶ್ಚಲವಾಗಿರಬೇಕು.

ಇರದಿದ್ದರೆ? ಎರಡು ಕಣಿವೆಗಳ ನಡುವಣ ದಿಣ್ಣೆಯ ನೆತ್ತಿಯಲ್ಲಿ ನಿಂತ ಚೆಂಡಿನಂತೆ, ಫ್ಲಿಪ್-ಫ್ಲಾಪ್ ‘೦’ಯೂ ಆಗದೆ ‘೧’ ಕೂಡ ಆಗದೆ ಕೆಲಕಾಲ ಓಲಾಡಬಹುದು. ಅಮೆರಿಕದ ಥಾಮಸ್ ಚೇನಿ ಮತ್ತು ಚಾರ್ಲ್ಸ್ ಮೋಲ್ನಾರ್ ಎಂಬವರು ೧೯೭೩ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿಕೊಟ್ಟರು. ಗುಂಡಿಯೊಂದನ್ನು ಒತ್ತುವ ನಮ್ಮ ಬೆರಳಿಗೆ ಯಂತ್ರದ ಗಡಿಯಾರ ತಿಳಿಯದು. ಆದುದರಿಂದ ಹೊರಗಿನಿಂದ ಬರುವ ಸಂಕೇತಗಳಲ್ಲಿ ಈ ಅಪಾಯ ಇದ್ದೇ ಇರುತ್ತದೆ. ಅಂಥ ಸಂಕೇತವನ್ನು ಸಾಲಾಗಿಟ್ಟ ಎರಡು ಫ್ಲಿಪ್-ಫ್ಲಾಪುಗಳ ಮೂಲಕ ಹಾಯಿಸುತ್ತಾರೆ. ಮೊದಲನೆಯದು ಓಲಾಡಿದರೂ, ಮುಂದಿನ ಸ್ಪಂದ ಬರುವುದರೊಳಗಾಗಿ ಬಹುಮಟ್ಟಿಗೆ ಒಂದು ಕಡೆಗೆ ನೆಲೆಗೊಂಡಿರುತ್ತದೆ. ಅಪಾಯವು ಪೂರ್ತಿಯಾಗಿ ಅಳಿಯದಿದ್ದರೂ ತೀರ ವಿರಳವಾಗುತ್ತದೆ.

ಯಂತ್ರದ ವೇಗವನ್ನು ಕಂಡು ನಾವು ಬೆರಗಾಗುತ್ತೇವೆ. ಆದರೆ ಆ ವೇಗವನ್ನು ನಂಬಲು ಸಾಧ್ಯವಾಗಿರುವುದು, ನೆಲೆಗೊಂಡುದನ್ನು ಮಾತ್ರ ಸ್ವೀಕರಿಸುವ ಅದರ ತಾಳ್ಮೆಯಿಂದ.